ಹೊಸದೇ ಬರುತ್ತದಲ್ಲ ಮೇಡಂ

"ಎಷ್ಟು ಕೊಟ್ಟು ತಂದಿರಿ ಮೇಡಂ?"

ಮಂಗಳವಾರ ಪಶುಚಿಕಿತ್ಸಾಲಯದ ಕೌಂಟರಿನ ಹುಡುಗ ಕೇಳಿದ. ನನ್ನ ಕೈಯಲ್ಲಿ ಚಪ್ಪಲಿಯ ಡಬ್ಬಿ, ಅದರೊಳಗೆ 12 ಗ್ರಾಂ ತೂಗುವ ಜೀಬ್ರಾ ಫಿಂಚ್ ಹಕ್ಕಿ. ಜೋಡಿಗೆ 600 ರೂಪಾಯಿ ಎಂದೆ. ರಸೀದಿ ಪುಸ್ತಕ ತೆರೆಯುತ್ತಿದ್ದವನು ಹಾಗೆಯೇ ಮುಚ್ಚಿದ. "ಡಾಕ್ಟರ್ ಫೀಸೇ 700 ಆಗುತ್ತದೆ. ಹೊಸದೇ ಬರುತ್ತದಲ್ಲ ಮೇಡಂ."

ಹುಡುಗ ಕೆಟ್ಟವನಲ್ಲ. ನನ್ನ ದುಡ್ಡು ಉಳಿಸಲು ಹೊರಟಿದ್ದ. ಸ್ವೆಟರ್ ತೊಟ್ಟ ನಾಯಿಮರಿಯನ್ನು ಎತ್ತಿಕೊಂಡು ಪಕ್ಕದಲ್ಲೇ ನಿಂತಿದ್ದವರನ್ನು ಮಾತ್ರ ಅವನು ಬೆಲೆ ಕೇಳಲಿಲ್ಲ. ನಾನು ಹಟಕ್ಕೆ ಬಿದ್ದವಳಂತೆ ಎರಡು ನೋಟುಗಳನ್ನು ಮೇಜಿನ ಮೇಲಿಟ್ಟೆ.

ಬೆಳಿಗ್ಗೆ ಹನುಮಂತನಗರದ ನಮ್ಮ ಮನೆಯ ಬಾಲ್ಕನಿಯಲ್ಲಿ ಒಳ್ಳೆಯ ಚಳಿ. ಹೆಣ್ಣುಹಕ್ಕಿ ಪಂಜರದ ತಳದಲ್ಲಿ ಗರಿ ಉಬ್ಬಿಸಿಕೊಂಡು ಹತ್ತಿಯ ಉಂಡೆಯಂತೆ ಕುಳಿತಿತ್ತು. ಉಸಿರೆಳೆದಾಗಲೆಲ್ಲ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಕಿತ್ತಳೆ ಕೆನ್ನೆಯ ಗಂಡು ಮಾತ್ರ ಮೇಲಿನ ಕಡ್ಡಿಯಲ್ಲಿ ಕುಳಿತು ಜಾತ್ರೆಯ ಪೀಪಿಯಂತೆ ಊದುತ್ತಲೇ ಇತ್ತು. ಅವರೆಕಾಳು ಹಿತಕುತ್ತಿದ್ದ ಅಮ್ಮ ಕೈ ಒರೆಸಿಕೊಂಡು ಬಂದು ನೋಡಿದಳು. "ಹೆರಲಾರದೆ ಕುಳಿತಿದೆ ಕಣೇ ಇದು" ಎಂದವಳೇ ಬಿಸಿನೀರಿನ ಚೀಲ ಹುಡುಕಲು ಹೋದಳು. ನಾನು ಮೊಬೈಲಿನಲ್ಲಿ ಹುಡುಕಿ ಅದನ್ನೇ ಓದುವಷ್ಟರಲ್ಲಿ ಡಬ್ಬಿ ಸಿದ್ಧವಾಗಿತ್ತು.

ಆಟೋದವರು ಕನ್ನಡಿಯಲ್ಲಿ ನೋಡಿ, "ಶಾಸ್ತ್ರ ಹೇಳುವ ಗಿಣಿಯೇನಮ್ಮ?" ಎಂದರು. "ಅಲ್ಲ, ಬಸುರಿ" ಎಂದೆ. ಅಲ್ಲಿಂದ ಪ್ರತಿ ಹಂಪಿನಲ್ಲೂ ಗಾಡಿ ತೆವಳಿತು.

ವೈದ್ಯೆ ಹಕ್ಕಿಯನ್ನು ಬೆರಳುಗಳ ನಡುವೆ ಹಿಡಿದು, ಹೊಟ್ಟೆಯ ಗರಿಗಳನ್ನು ಉಫ್ ಎಂದು ಊದಿ ಸರಿಸಿ ತೋರಿಸಿದರು. ಚರ್ಮದಡಿಯಲ್ಲಿ ಒಂದು ಉಬ್ಬು. ಒತ್ತಬೇಡಿ, ಒಳಗೇ ಒಡೆದರೆ ಕಷ್ಟ ಎಂದರು. ಕ್ಯಾಲ್ಸಿಯಂ ಹನಿ ಹಾಕಿ, ಮನೆಯಲ್ಲಿ ಶಾಖ ಮತ್ತು ತೇವ ಇರಲಿ ಎಂದರು. ಆಮೇಲೆ ವಿಚಾರಣೆ.

"ಗೂಡು ಯಾವಾಗಿನಿಂದ ಇಟ್ಟಿದ್ದೀರಿ?"

"ತಂದ ದಿನದಿಂದಲೂ ಇದೆ."

"ಎಷ್ಟನೆಯ ಸಲ ಮೊಟ್ಟೆ ಇಡುತ್ತಿರುವುದು?"

ಗಣೇಶನ ಹಬ್ಬದಿಂದ ಈಚೆಗೆ ಇದು ಮೂರನೆಯದು.

"ಮತ್ತೆ?" ಎಂದರು, ಅಷ್ಟೇ.

ಆಸ್ಟ್ರೇಲಿಯಾದ ಒಣನೆಲದಲ್ಲಿ ಈ ಹಕ್ಕಿಗಳು ಮಳೆ ಬಂದು ಹುಲ್ಲು ಬೀಜ ಕಟ್ಟಿದಾಗ ಗೂಡು ಕಟ್ಟುತ್ತವೆ. ನಮ್ಮ ಬಾಲ್ಕನಿಯಲ್ಲಿ ದಿನವೂ ಬಟ್ಟಲು ತುಂಬ ನವಣೆ, ಬಟ್ಟಲು ತುಂಬ ನೀರು. ಜೊತೆಗೆ ಸಿದ್ಧವಾದ ಗೂಡು. ಅದರ ಪಾಲಿಗೆ ಮಳೆಗಾಲ ಮುಗಿದದ್ದೇ ಇಲ್ಲ. ಒಂದೊಂದು ಮೊಟ್ಟೆ ಸುಮಾರು ಒಂದು ಗ್ರಾಂ. 60 ಕಿಲೋ ತೂಕದ ಹೆಂಗಸು 5 ಕಿಲೋ ಮಗುವನ್ನು ಹೆತ್ತ ಹಾಗೆ, ಅದೂ ಒಂದು ಸರದಿಯಲ್ಲಿ ನಾಲ್ಕೈದು. ಚಿಪ್ಪಿಗೆ ಬೇಕಾದ ಸುಣ್ಣ ಸಿಗಲೆಂದು ಪಂಜರಕ್ಕೆ ಸಿಕ್ಕಿಸುವ ಸಮುದ್ರ ನೊರೆಯ, ಅಂದರೆ ಕಟಲ್ ಮೀನಿನ ಒಳಚಿಪ್ಪಿನ, ತುಂಡು ಮುಗಿದು ಎರಡು ತಿಂಗಳಾಗಿತ್ತು. ಬೆಲೆ 30 ರೂಪಾಯಿ. ನಾಳೆ ತಂದರಾಯಿತು ಎಂದುಕೊಂಡವಳು ನಾನೇ.

ರಾತ್ರಿ ಡಬ್ಬಿಯ ಮೇಲೆ ಬಲ್ಬು ಉರಿಸಿ, ಪಕ್ಕದಲ್ಲಿ ಬಿಸಿನೀರಿನ ಬಟ್ಟಲಿಟ್ಟು ಕುಳಿತೆವು. ಅಮ್ಮ ಮೊದಲ ಸಲ ಅದಕ್ಕೆ ಹೆಸರಿಟ್ಟಳು: ಬಾಣಂತಿ. ನನಗೆ ಕೌಂಟರಿನ ಮಾತೇ ಕಿವಿಯಲ್ಲಿ. ಹೊಸದೇ ಬರುತ್ತದಲ್ಲ ಮೇಡಂ. ಅಷ್ಟು ಚುಚ್ಚಿದ್ದೇಕೆಂದರೆ, ಆಟೋ ಹತ್ತುವ ಮೊದಲೇ ಆ ಲೆಕ್ಕವನ್ನು ನಾನು ಮಾಡಿದ್ದೆ. ಯಾರಾದರೂ ಬಾಯಿಬಿಟ್ಟು ಹೇಳಿದರೆ ಬೈಯಬಹುದು ಎಂದು ಕಾದಿದ್ದೆನೋ ಏನೋ.

ಅಜ್ಜಿಯ ಸೊಂಟ ಮುರಿದಾಗ ಆಸ್ಪತ್ರೆಯ ಮೊಗಸಾಲೆಯಲ್ಲಿ ನೆಂಟರೊಬ್ಬರು, "88ಕ್ಕೆ ಆಪರೇಷನ್ ಬೇಕೇನಮ್ಮ?" ಎಂದಿದ್ದರು. ಅವರೊಡನೆ ನಾನು ಮಾತು ಬಿಟ್ಟೆ. ಮದುವೆಮನೆಗಳಲ್ಲಿ ಇಂದಿಗೂ ಅವರು ಕುಳಿತ ಪಂಕ್ತಿಯಲ್ಲಿ ಊಟಕ್ಕೆ ಕೂರುವುದಿಲ್ಲ. ಅವರೂ ನಮ್ಮ ದುಡ್ಡಿನ ಚಿಂತೆಯನ್ನೇ ಮಾಡಿದ್ದರು. ಅಜ್ಜಿ ಆಮೇಲೆ 11 ತಿಂಗಳು ವಾಕರ್ ಹಿಡಿದು ದೇವಸ್ಥಾನಕ್ಕೆ ಹೋಗಿಬಂದಳು. ಆಸ್ಪತ್ರೆಯ ಬಿಲ್ಲನ್ನು 11ರಿಂದ ಭಾಗಿಸಿದರೆ ತಿಂಗಳಿಗೆ ಎಷ್ಟು ಬೀಳುತ್ತದೆ ಎಂದು ನಾನೂ ಒಂದು ರಾತ್ರಿ ನೋಡಿದ್ದೇನೆ. ಉತ್ತರ ಈಗಲೂ ನೆನಪಿದೆ. ಅಮ್ಮನಿಗೆ ಹೇಳಿಲ್ಲ.

ಬುಧವಾರ ಬೆಳಗಿನ ಜಾವ ಮೊಟ್ಟೆ ಬಂತು. ದಪ್ಪ ಅವರೆಕಾಳಿನಷ್ಟು, ಒಂದು ಬದಿ ಒರಟು. ಬಾಣಂತಿ ಅದರ ಕಡೆ ತಿರುಗಿಯೂ ನೋಡದೆ ನವಣೆಗೆ ಬಾಯಿ ಹಾಕಿತು. ನಾನು ಗೂಡನ್ನು ತೆಗೆದು ಅಟ್ಟಕ್ಕೆ ಹಾಕಿದೆ. ಗಂಡು ಅದಿದ್ದ ಮೂಲೆಗೆ ಹೋಗಿ ಹೋಗಿ ಬರುತ್ತಾ ಪೀಪಿ ಊದಿತು.

ಅಮ್ಮ ಕಾಫಿ ಕುಡಿಯುತ್ತಾ ಲೆಕ್ಕದ ಪುಸ್ತಕ ತೆರೆದಳು. ಫೀಸು 700, ಔಷಧಿ 180, ಆಟೋ 300. ಹಕ್ಕಿಯ ಕಾಳಿನ ಖರ್ಚನ್ನು ಯಾವಾಗಲೂ "ಇತರೆ" ಎಂದು ಬರೆಯುವವಳು, 1,180ನ್ನು "ಆಸ್ಪತ್ರೆ"ಯ ಕೆಳಗೆ ಬರೆದಳು.