ಈರುಳ್ಳಿ ಸುಲಿಯುವ ರಾತ್ರಿ

ಕಾಫಿ ಹೂವರಳಿಸುವ ಹೂಮಳೆ ಬಿದ್ದ ವಾರದಲ್ಲೇ ಕೊಡಗಿನ ನಾಪೋಕ್ಲಿನಲ್ಲಿ ಅಕ್ಕನ ಮಗಳ ನಿಕಾಹ್. ಹಿಂದಿನ ರಾತ್ರಿ ನಾವು ಹೆಂಗಸರೆಲ್ಲ ಮನೆ ಹಿಂದಿನ ಚಪ್ಪರದಲ್ಲಿ ಈರುಳ್ಳಿ ಸುಲಿಯುತ್ತಾ ಕೂತಿದ್ದೆವು. ಬಿರಿಯಾನಿಗೆ ಎರಡು ಮೂಟೆ. ಅಳೋಕೆ ಬೇರೆ ಕಾರಣ ಬೇಕಿರಲಿಲ್ಲ.

ಮದುಮಗಳು ಮೈಸೂರಿನಲ್ಲಿ ಕಾನೂನು ಓದಿದವಳು. ಕೈಗೆ ಮೈಲಾಂಜಿ, ಅದೇ ಗೋರಂಟಿ, ಹಚ್ಚಿಸಿಕೊಳ್ಳುತ್ತಲೇ ಅಪ್ಪನಿಗೆ ಹೇಳಿ ಕಳಿಸಿದಳು. ಗಂಡು ಹೆಣ್ಣಿಗೆ ಕೊಡಬೇಕಾದ ಮೆಹರಿನ ಐದು ಪವನ್ ಚಿನ್ನ ಅವಳ ಕೈಗೇ ಬರಬೇಕಂತೆ. ಮದುವೆ ದಾಖಲಿಸುವ ನಿಕಾಹ್ ಪುಸ್ತಕದ ಪ್ರತಿಯೂ ಒಂದು ಬೇಕಂತೆ.

ನನ್ನ ನಿಕಾಹ್ ಆಗಿದ್ದು 1998ರಲ್ಲಿ. ನಮ್ಮ ಕಡೆ ಹುಡುಗಿಯ ಅಪ್ಪ ವಲಿಯಾಗಿ, ಅಂದರೆ ಅವಳ ಪರವಾಗಿ, ಕೂತು, ಮದುಮಗನ ಕೈ ಹಿಡಿದು ಮಾತು ಮುಗಿಸುತ್ತಾರೆ. ಹುಡುಗಿ ಅಲ್ಲಿರುವುದಿಲ್ಲ. ಮಸೀದಿಯಿಂದ ಓಡಿ ಬಂದ ಪುಟ್ಟ ಹುಡುಗ 'ಆಯ್ತು' ಅಂದ ಮೇಲೆಯೇ ನನಗೆ ಮದುವೆಯಾಗಿದ್ದು ನನಗೆ ಗೊತ್ತಾಯ್ತು! ಮೆಹರ್ ಎಷ್ಟು ಅಂತ ಕೇಳಬಹುದು ಅಂತಲೂ ಹೊಳೆದಿರಲಿಲ್ಲ.

"ಪ್ರತಿ ಯಾಕೆ ಮೋಳೇ?" ಅಂದರು ಮಾಮಿ.

"ನಾಳೆ ಕೋರ್ಟಿಗೆ ಬೇಕಾದರೆ?"

"ಮದುವೆ ಮನೇಲಿ ಇಂಥ ಮಾತಾ!"

ಅವಳು ನಕ್ಕಳು. ಮದುವೆಯಿಂದ ಬಿಡುಗಡೆ ಬರೀ ಗಂಡಸರ ಕೈಯಲ್ಲಿರೋದಲ್ಲ, ಹೆಂಗಸು ಕೇಳೋಕೆ ಖುಲಾ ಇದೆ ಅಂದಳು. ಗಂಡ ಎರಡು ವರ್ಷ ಖರ್ಚಿಗೆ ಕೊಡದಿದ್ದರೆ, ನಾಲ್ಕು ವರ್ಷ ಪತ್ತೆಯೇ ಇಲ್ಲದಿದ್ದರೆ, ಕೋರ್ಟಿನಲ್ಲಿ ಮದುವೆ ಬಿಡಿಸಿಕೊಳ್ಳಬಹುದು ಅಂದಳು.

2017ರಲ್ಲಿ ಸುಪ್ರೀಂ ಕೋರ್ಟ್ ಒಂದೇ ಉಸಿರಿನ ಮೂರು ತಲಾಖ್ ಸಲ್ಲದು ಅಂದಾಗ ಟಿವಿಯವರು ದಿನಗಟ್ಟಲೆ ಕೂಗಾಡಿದರು. ಒಳ್ಳೆಯದೇ ಆಯ್ತು, ಇಲ್ಲ ಅನ್ನಲ್ಲ. ಆದರೆ ನಾನು ಕಂಡಿದ್ದು ತಲಾಖೂ ಸಿಗದೆ, ಗಂಡನೂ ಬಾರದೆ ಸುಮ್ನೆ ಕೂತವರನ್ನೇ ಜಾಸ್ತಿ.

ಎಳೇಮ ಹಾಗೆ ಕೂತವರು. ನಮ್ಮ ಉಮ್ಮನ ತಂಗಿ. ಗಂಡ 1983ರಲ್ಲಿ ದುಬೈಗೆ ಹೋದವರು ಎರಡು ಕಾಗದ ಬರೆದರು, ಅಷ್ಟೇ. ಹದಿನಾಲ್ಕು ವರ್ಷ ಎಳೇಮ ಬೇರೆಯವರ ತೋಟದಲ್ಲಿ ಕಾಫಿ ಕೊಯ್ದರು. ಗಂಡನಿಗಾಗಿ ಕಾದಿರು ಅಂತ ಎಲ್ಲರೂ ಹೇಳುತ್ತಿದ್ದರು. ನಾನೂ ಹೇಳಿದ್ದೇನೆ.

ಈಗ ಈರುಳ್ಳಿ ಸುಲಿಯುತ್ತಿದ್ದ ಎಳೇಮನ ಕೈ ನಿಂತಿತ್ತು.

"ಆ ಕಾನೂನು ಯಾವಾಗ ಬಂತು?"

"1939ರಲ್ಲಿ."

"ನಾನು ಹುಟ್ಟೋಕೆ ಮೊದಲೇ," ಅಂದರು ಎಳೇಮ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮಾಮಿ ಕೂಡ.

ಆಮೇಲೆ ಎಳೇಮ ಇನ್ನೊಂದು ಈರುಳ್ಳಿ ಎತ್ತಿಕೊಂಡರು.

"ಪ್ರತಿ ಎರಡು ತಗೋ ಮೋಳೇ. ಒಂದು ನನ್ನ ಪೆಟ್ಟಿಗೇಲಿ ಇಡ್ತೀನಿ."