ಎಕ್ಸ್‌ಪ್ಯಾಂಡ್‌ಟ್ಯಾಬ್ ಆನ್ ಮಾಡಿದ್ದು ಯಾರು?

ಪುಣೆ, ಶನಿವಾರ, 12 ಜುಲೈ 2025

ಬೆಳಗಾವಿಯ ತಂಗಿಯ ಮಗ ಇಲ್ಲೇ ಇಂಜಿನಿಯರಿಂಗ್ ಓದುತ್ತಿದ್ದಾನೆ. ಶನಿವಾರ ಬಂತೆಂದರೆ ಕೋಥರೂಡ್‌ನ ನಮ್ಮ ಮನೆಗೆ ಊಟಕ್ಕೆ ಹಾಜರು. ಇವತ್ತು ಮಳೆಯಲ್ಲೇ ಲ್ಯಾಪ್‌ಟಾಪನ್ನೂ ಹೊತ್ತು ತಂದಿದ್ದ. "ಮಾಮಾ, ನಿನ್ನೆ ತನಕ ಛಲೋ ಇತ್ತು. ಈಗ ಮೇಕ್ ಓಡಿಸಿದ್ರ ಮಿಸ್ಸಿಂಗ್ ಸೆಪರೇಟರ್ ಅಂತದ."

ಮೇಕ್ ಅಂದರೆ ಪ್ರೋಗ್ರಾಮನ್ನು ಕಟ್ಟಿಕೊಡುವ ಸಾಧನ; ಏನೇನು ಮಾಡಬೇಕು ಅನ್ನುವ ಕಮಾಂಡುಗಳು ಮೇಕ್‌ಫೈಲ್‌ನಲ್ಲಿ ಇರುತ್ತವೆ. ಅದರ ದೂರು ಕೇಳಿದ ಕೂಡಲೇ ಟ್ಯಾಬ್ ಮೇಲೆ ಅನುಮಾನ ಬಂತು. ಮೇಕ್‌ಫೈಲ್‌ನಲ್ಲಿ ಕಮಾಂಡಿನ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು, ಸ್ಪೇಸ್ ನಡೆಯಲ್ಲ. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮೇಕ್ ಬರೆದ ಸ್ಟುವರ್ಟ್ ಫೆಲ್ಡ್‌ಮನ್ ಇದನ್ನು ಬದಲಿಸಬಹುದಿತ್ತು. ಆದರೆ ಕೆಲವೇ ವಾರಗಳಲ್ಲಿ ಸುಮಾರು ಹನ್ನೆರಡು ಮಂದಿ, ಹೆಚ್ಚಿನವರು ಗೆಳೆಯರೇ, ಅದನ್ನು ಬಳಸತೊಡಗಿದ್ದರು. ಅವರಿಗೆ ತೊಂದರೆ ಬೇಡ ಅಂತ ಹಾಗೇ ಬಿಟ್ಟರಂತೆ. ಆ ದಾಕ್ಷಿಣ್ಯದ ಫಲ ನಾವು ಇನ್ನೂ ಉಣ್ಣುತ್ತಿದ್ದೇವೆ!

ಹುಡುಗ ಕೋಡ್ ಬರೆಯಲು ವಿಮ್ ಅನ್ನುವ ಎಡಿಟರ್ ಬಳಸುತ್ತಾನೆ. ಟ್ಯಾಬ್ ಒತ್ತಿದರೆ ಸ್ಪೇಸ್ ಹಾಕುವ ಅದರ ಸೆಟ್ಟಿಂಗ್ ಎಕ್ಸ್‌ಪ್ಯಾಂಡ್‌ಟ್ಯಾಬ್. ಮೇಕ್‌ಫೈಲ್ ತೆರೆದರೆ ವಿಮ್ ತಾನಾಗಿಯೇ ಎಕ್ಸ್‌ಪ್ಯಾಂಡ್‌ಟ್ಯಾಬ್ ಆಫ್ ಮಾಡುತ್ತದೆ. ಇವನಲ್ಲಿ ಆನ್ ಇತ್ತು. "ವಿಮ್‌ಆರ್‌ಸಿಯೊಳಗ ಆಫ್ ಮಾಡೀನಿ, ಕೇಳವಲ್ದು," ಅಂದ. ಕೇಳುವುದಾದರೂ ಹೇಗೆ? ನಮ್ಮ ಸೆಟ್ಟಿಂಗ್‌ಗಳನ್ನು ಬರೆದಿಡುವ ಫೈಲಾದ ವಿಮ್‌ಆರ್‌ಸಿ ಮೊದಲು ಓಡುತ್ತದೆ, ಮೇಲಿಂದ ಹಾಕಿಕೊಂಡ ಪ್ಲಗಿನ್‌ಗಳು ಆಮೇಲೆ. ಫೈಲ್ ತೆರೆದಾಗ ಅದರ ಜಾತಿಗೆ ತಕ್ಕ ಸ್ಕ್ರಿಪ್ಟ್‌ಗಳು ಓಡುತ್ತವೆ. ಎಲ್ಲಕ್ಕಿಂತ ಕೊನೆಗೆ ಆಫ್ಟರ್ ಅನ್ನುವ ಫೋಲ್ಡರ್‌ಗಳಲ್ಲಿ ಇರುವವು. ಕೊನೆಗೆ ಹೇಳಿದವನ ಮಾತೇ ನಡೆಯುವುದು.

ಮೊದಲು ವಿಮ್ ಅನ್ನು ಕ್ಲೀನ್ ಆಪ್ಷನ್ ಕೊಟ್ಟು ತೆರೆದೆವು. ಆಗ ಅವನ ವಿಮ್‌ಆರ್‌ಸಿಯೂ ಇಲ್ಲ, ಅವನು ಹಾಕಿಕೊಂಡ ಪ್ಲಗಿನ್ನೂ ಇಲ್ಲ. ಟ್ಯಾಬ್ ಟ್ಯಾಬ್ ಆಗಿಯೇ ಬಿತ್ತು. ಸರಿ, ವಿಮ್ ತಪ್ಪಲ್ಲ. ಹಾಗಂತ ಒಂದೊಂದೇ ಪ್ಲಗಿನ್ ತೆಗೆದು ನೋಡುತ್ತಾ ಕೂರಬೇಕಾಗಿಲ್ಲ. ಮಾಮೂಲಿಯಾಗಿ ತೆರೆದು, ಕೋಲನ್ ಒತ್ತಿ, 'ವರ್ಬೋಸ್ ಸೆಟ್ ಎಕ್ಸ್‌ಪ್ಯಾಂಡ್‌ಟ್ಯಾಬ್' ಅಂತ ಟೈಪ್ ಮಾಡಿ, ಕೊನೆಗೊಂದು ಪ್ರಶ್ನೆಚಿಹ್ನೆ ಹಾಕಿಸಿದೆ. ಈ ಸೆಟ್ಟಿಂಗನ್ನು ಕೊನೆಯ ಸಲ ಬದಲಿಸಿದ್ದು ಯಾವ ಫೈಲಿನ ಎಷ್ಟನೇ ಸಾಲು ಅಂತ ವಿಮ್ ಅಲ್ಲೇ ತೋರಿಸಿತು. ಬಣ್ಣ ಚೆನ್ನಾಗಿದೆ ಅಂತ ಈ ವಾರ ಹಾಕಿಕೊಂಡ ಪ್ಲಗಿನ್ ಅದು! ಅದರದೇ ಆಫ್ಟರ್ ಫೋಲ್ಡರ್‌ನಲ್ಲಿ ಈ ಸಾಲು. ಬಣ್ಣ ಕೊಡುವವನಿಗೆ ಟ್ಯಾಬ್ ಉಸಾಬರಿ ಯಾಕೆ ಅಂತೀನಿ.

"ತೆಗದ್ಬಿಡ್ಲೇನು ಮಾಮಾ?" ಬೇಡ ಅಂದೆ. ಅವನ ಸ್ವಂತ ಆಫ್ಟರ್ ಫೋಲ್ಡರ್ ಪ್ಲಗಿನ್‌ನದಕ್ಕಿಂತಲೂ ಆಮೇಲೆ ಓಡುತ್ತದೆ. ಅಲ್ಲಿ ಫೈಲಿನ ಜಾತಿಗೆ ತಕ್ಕ ಸ್ಕ್ರಿಪ್ಟ್‌ಗಳನ್ನು ಇಡುವ ಎಫ್‌ಟಿಪ್ಲಗಿನ್ ಫೋಲ್ಡರ್ ಮಾಡಿ, ಮೇಕ್ ಡಾಟ್ ವಿಮ್ ಫೈಲ್ ಇಟ್ಟು, 'ಸೆಟ್‌ಲೋಕಲ್ ನೋಎಕ್ಸ್‌ಪ್ಯಾಂಡ್‌ಟ್ಯಾಬ್' ಅಂತ ಒಂದೇ ಸಾಲು ಬರೆಸಿದೆ. ಸುಮ್ನೆ ಸೆಟ್ ಅಂದರೆ ಬೇರೆ ಫೈಲ್‌ಗಳಿಗೂ ಅಂಟುತ್ತದೆ.

ಇಷ್ಟಾದರೂ ಮೇಕ್ ಮತ್ತೆ ಅದೇ ರಾಗ ತೆಗೆಯಿತು. ಸೆಟ್ಟಿಂಗ್ ಸರಿಯಾದರೆ ಹಳೆಯ ಸಾಲುಗಳು ಸರಿಯಾಗುತ್ತವೆಯೇ? ನಾಲ್ಕು ನಾಲ್ಕು ಸ್ಪೇಸ್ ಹಾಗೇ ಕೂತಿದ್ದವು. ಒಂದು ಟ್ಯಾಬ್ ಎಷ್ಟು ಸ್ಪೇಸ್‌ಗೆ ಸಮ ಅಂತ ಹೇಳುವ ಟ್ಯಾಬ್‌ಸ್ಟಾಪ್ 4 ಮಾಡಿ, ಸ್ಪೇಸ್‌ಗಳನ್ನು ಟ್ಯಾಬ್‌ಗೆ ಬದಲಿಸುವ ರೀಟ್ಯಾಬ್‌ಗೆ ಆಶ್ಚರ್ಯಸೂಚಕ ಚಿಹ್ನೆ ಸೇರಿಸಿ ಓಡಿಸಿದ ಮೇಲೆ ಬಿಲ್ಡ್ ಆಯಿತು.

ಅವನ ಗೆಳೆಯರು ವಿಮ್‌ನಿಂದಲೇ ಕವಲೊಡೆದ ನಿಯೋವಿಮ್ ಬಳಸುವವರು. ಅಲ್ಲಿ ಇದೇ ವರ್ಬೋಸ್ ಪ್ರಶ್ನೆ ಕೇಳಿದರೆ, ಲುವಾ ಭಾಷೆಯಲ್ಲಿ ಬರೆದ ಪ್ಲಗಿನ್ ಆದರೆ 'ಲುವಾದಿಂದ' ಅಂತಷ್ಟೇ ಉತ್ತರ ಬರಬಹುದು. ಫೈಲಿನ ಹೆಸರು, ಸಾಲು ಎಲ್ಲ ಬೇಕಿದ್ದರೆ ಶುರುವಿನಲ್ಲೇ ದೊಡ್ಡಕ್ಷರದ ವಿ, ಪಕ್ಕದಲ್ಲಿ 1 ಅನ್ನುವ ಆಪ್ಷನ್ ಕೊಟ್ಟು ತೆರೆಯಬೇಕು.