ಆಚಂದ್ರಾರ್ಕ ಅಂದ್ರೆ ಏನು ಸಾರ್?

ನನ್ನ ಕೆಲಸ ಪತ್ರ ಬರೆಯುವುದು. ಪ್ರೇಮಪತ್ರ ಅಲ್ಲ, ಕ್ರಯಪತ್ರ. ಬೆಂಗಳೂರಿನ ಒಂದು ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು, ಜೆರಾಕ್ಸ್ ಅಂಗಡಿಯ ಪಕ್ಕ ನನ್ನ ಟೇಬಲ್. ಡ್ರಾಫ್ಟ್ ಕೈಗೆ ಕೊಟ್ಟರೆ ಸೈಟು ಕೊಳ್ಳುವವರು ಮೊದಲು ಹೆಸರು, ಸರ್ವೆ ನಂಬರು, ಚಕ್ಕುಬಂದಿ (ಅಂದರೆ ನಾಲ್ಕೂ ದಿಕ್ಕಿನ ಎಲ್ಲೆ) ನೋಡುತ್ತಾರೆ. ಆಮೇಲೆ ಒಂದು ಸಾಲಿನ ಮೇಲೆ ಬೆರಳಿಡುತ್ತಾರೆ. "ಪುತ್ರ ಪೌತ್ರ ಪಾರಂಪರ್ಯವಾಗಿ ಆಚಂದ್ರಾರ್ಕವಾಗಿ ಅನುಭವಿಸಿಕೊಂಡು ಬರತಕ್ಕದ್ದು." ಇದೇನು ಸಾರ್? ಅರ್ಕ ಅಂದ್ರೆ ಗೋಮೂತ್ರದ್ದಾ ಅಂತ ಕೇಳಿದವರೂ ಇದ್ದಾರೆ.

ಅರ್ಕ ಅಂದರೆ ಸೂರ್ಯ. ಮುಂದಿರುವ 'ಆ' ಅಂದರೆ 'ವರೆಗೆ'. ಚಂದ್ರ ಸೂರ್ಯರು ಇರುವವರೆಗೆ ಈ ಸೈಟು ನಿಮ್ಮದು, ಅಷ್ಟೆ. ಬಾಡಿಗೆ ಕರಾರಿಗೆ ಇದನ್ನು ಹಾಕುವುದಿಲ್ಲ. ಅದಕ್ಕೆ 11 ತಿಂಗಳು ಸಾಕು.

ಇಷ್ಟಕ್ಕೇ ಬಿಡಬಹುದು. ಆದರೆ ಸರ್ವರ್ ಡೌನ್ ಆಗಿ ಎಲ್ಲರೂ ಸುಮ್ನೆ ಕೂತಿರುವಾಗ ಕೇಳಿದರೆ ನನ್ನ ಮಾತು ಕಲ್ಲಿನ ಕಡೆ ಹೊರಳುತ್ತದೆ.

ಈ ಮಾತು ನಾನು ಕಟ್ಟಿದ್ದಲ್ಲ, ನನಗೆ ಕೆಲಸ ಕಲಿಸಿದವರದ್ದೂ ಅಲ್ಲ. ನೂರಾರು ವರ್ಷ ಹಿಂದಿನ ದಾನಶಾಸನಗಳಲ್ಲೇ ಇದೆ. ದೇವಸ್ಥಾನಕ್ಕೋ ಕೆರೆಗೋ ಭೂಮಿ ಬಿಟ್ಟಾಗ ಹೀಗೇ ಬರೆಸುತ್ತಿದ್ದರು. ಬರೆಸಿದ್ದನ್ನು ಓದಬಲ್ಲವರು ಆಗ ಎಷ್ಟು ಜನ ಇದ್ದಾರು? ಅದಕ್ಕೇ ಇರಬೇಕು, ಕಲ್ಲಿನ ನೆತ್ತಿಯಲ್ಲಿ ಒಂದು ದುಂಡು, ಪಕ್ಕದಲ್ಲಿ ಕುಡುಗೋಲಿನಂಥದ್ದೊಂದು. ಕೆಳಗೆ ಅಕ್ಷರದಲ್ಲಿರುವ ಮಾತೇ ಮೇಲೆ ಚಿತ್ರವಾಗಿ ಕೂತಿದೆ. ಎಷ್ಟೋ ಕಲ್ಲುಗಳಲ್ಲಿ ಜೊತೆಗೆ ಲಿಂಗ, ಹಾಲು ಕುಡಿಯುವ ಕರು, ಹಸು. ಶಾಸನದ ಕೊನೆಗೆ ಬಂದರೆ ಹಸು ಮತ್ತೆ ಸಿಗುತ್ತದೆ: ಈ ದಾನ ಕಿತ್ತುಕೊಂಡವನಿಗೆ ಗಂಗೆಯ ತಡಿಯಲ್ಲಿ ಕವಿಲೆ ಕೊಂದ ಪಾಪ. ಅದೂ ಸಾಲದಿದ್ದರೆ ಸಂಸ್ಕೃತ ಶ್ಲೋಕವೊಂದಿದೆ. ಭೂಮಿ ಕದ್ದವನು 60,000 ವರ್ಷ ಅಮೇಧ್ಯದಲ್ಲಿ ಹುಳುವಾಗಿ ಬಿದ್ದಿರುತ್ತಾನೆ ಅಂತ. ನಾವು ಈಗ ಶಾಪ ತೆಗೆದು ನಷ್ಟ ಭರ್ತಿಯ ಷರತ್ತು ಹಾಕುತ್ತೇವೆ. ಬೆಂಗಳೂರಿನ ಸೈಟುಗಳ ಕಥೆ ನೋಡಿದರೆ ಹುಳುವೇ ವಾಸಿ ಅನ್ನಿಸುತ್ತದೆ.

ಇನ್ನು ಆ ಚಂದ್ರ. ಮಕ್ಕಳ ಪುಸ್ತಕದಲ್ಲಿ ಚಂದ್ರ ನೆಟ್ಟಗೆ ನಿಂತಿರುತ್ತಾನೆ. ಕಲ್ಲಿನ ಚಂದ್ರ ಎಷ್ಟೋ ಕಡೆ ಬೋಗುಣಿಯ ಹಾಗೆ ಅಂಗಾತ ಮಲಗಿರುತ್ತಾನೆ. ಕೆತ್ತಿದವನ ತಪ್ಪಲ್ಲ. ಯುಗಾದಿಯ ಮಾರನೇ ದಿನ ಮುಸ್ಸಂಜೆ ಚಂದ್ರನ ದರ್ಶನಕ್ಕೆ ಮಹಡಿ ಹತ್ತುತ್ತೀರಲ್ಲ, ಆಗ ನೋಡಿ. ನಾವಿರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ಭೂಮಧ್ಯರೇಖೆಗೆ ಹತ್ತಿರ. ಇಲ್ಲಿ ಎಳೆ ಚಂದ್ರ ಮುಳುಗಿದ ಸೂರ್ಯನ ಹೆಚ್ಚು ಕಡಿಮೆ ನೆತ್ತಿಯ ಮೇಲೇ ನಿಲ್ಲುತ್ತಾನೆ. ಬೆಳಕು ಕೆಳಗಿನಿಂದ ಬೀಳುತ್ತದೆ, ಕೋಡು ಎರಡೂ ಮೇಲಕ್ಕೆ. ನಮ್ಮಜ್ಜಿ ಯಾವ ಕೋಡು ಎತ್ತರ ಇದೆ ಅಂತ ನೋಡಿ ಮಳೆ ಲೆಕ್ಕ ಹಾಕುತ್ತಿದ್ದರು. ಲೆಕ್ಕ ತಪ್ಪಿದ್ದೇ ಜಾಸ್ತಿ.

ವೀರಗಲ್ಲಿನ ತುದಿಯಲ್ಲೂ ಇದೇ ಜೋಡಿ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು 900ರ ಕಲ್ಲೊಂದಿದೆ, 'ಬೆಂಗಳೂರ ಕಾಳಗ'ದಲ್ಲಿ ಸತ್ತವನ ಸುದ್ದಿ ಅದರಲ್ಲಿದೆ. ನಮ್ಮೂರಿನ ಹೆಸರು ಕಲ್ಲಿಗೆ ಬಂದದ್ದೇ ಒಬ್ಬನ ಸಾವಿನಿಂದ. ಆಮೇಲಿನ ಕಾಲದ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವಲಿಂಗದ ಎದುರು ಅವನು ಕೂತಿರುವುದು. ಕೆಳಗಿನಿಂದ ಮೇಲಕ್ಕೆ ಓದಬೇಕು. ಮೊಬೈಲ್ ನೋಡಿದ ಹಾಗೆ ಮೇಲಿನಿಂದ ನೋಡಿದರೆ ಸ್ವರ್ಗದಲ್ಲಿದ್ದವನು ಇಳಿದು ಬಂದು ಹೊಡೆದಾಡಿ ಸತ್ತ ಹಾಗಾಗುತ್ತದೆ! ನಮ್ಮ ಏರಿಯಾದಲ್ಲೂ ಅಂಥದ್ದೊಂದಿದೆ. ಪ್ರತಿ ಸಲ ಡಾಂಬರು ಹಾಕಿದಾಗ ರಸ್ತೆ ಏರುತ್ತದೆ, ಕಲ್ಲು ಇಳಿಯುತ್ತದೆ. ಕಾದಾಟ ಪೂರ್ತಿ ಹೂತುಹೋಗಿದೆ. ಪಾಪ, ಆತ ಯಾಕೆ ಸತ್ತ ಅಂತಲೇ ಗೊತ್ತಾಗದೆ ಸ್ವರ್ಗದಲ್ಲಿ ಕೂತಿದ್ದಾನೆ.

ಚಕ್ಕುಬಂದಿಗೂ ಚಿತ್ರವಿತ್ತು. ಶಿವನ ಗುಡಿಯ ಭೂಮಿಯ ಎಲ್ಲೆಗೆ ಲಿಂಗಮುದ್ರೆಯ ಕಲ್ಲು. ಬ್ರಾಹ್ಮಣರಿಗೆ ಕೊಟ್ಟ ಭೂಮಿಗೆ ವಾಮನಮುದ್ರೆ, ಕೊಡೆ ಹಿಡಿದ ಪುಟ್ಟ ವಟು. ಮೂರು ಹೆಜ್ಜೆ ನೆಲ ಕೇಳಿದವನನ್ನೇ ತಂದು ಎಲ್ಲೆ ಕಾಯಲು ನಿಲ್ಲಿಸಿದವರ ತಲೆಗೆ ಭೇಷ್ ಅನ್ನಬೇಕು.

ಹಾಗಾದರೆ ಪತ್ರದಲ್ಲಿ ಆ ಪದ ಇರಲೇಬೇಕಾ, ತೆಗೆಯಬಹುದಾ? ತೆಗೆಯಬಹುದು. ಕ್ರಯ ಕ್ರಯವೇ, ನಿಮ್ಮ ಹಕ್ಕಿಗೆ ಏನೂ ಆಗುವುದಿಲ್ಲ. ನಾನು ಮಾತ್ರ ಯಾರಾದರೂ ಬೇಡ ಅನ್ನುವವರೆಗೆ ತೆಗೆಯುವುದಿಲ್ಲ. ಒಂದು ಸಲ ನಮ್ಮ ಡಿಟಿಪಿ ಹುಡುಗ ಅವಸರದಲ್ಲಿ ಅರ್ಕಾವೊತ್ತು ನುಂಗಿ 'ಆಚಂದ್ರಾಕ' ಅಂತ ಹೊಡೆದಿದ್ದ. ಸಹಿ ಆಗುವ ಮೊದಲು ಕಣ್ಣಿಗೆ ಬಿತ್ತು. "ಲೋ, ಸೂರ್ಯ ಬಿದ್ದೋಗಿದಾನೆ ಕಣೋ" ಅಂದೆ. ಅವನು ಕಿಟಕಿಯಾಚೆ ನೋಡಿ, "ಇಲ್ಲ ಸಾರ್, ಇನ್ನೂ ನಾಲ್ಕು ಗಂಟೆ" ಅಂದ.